ಸೋಲಾರ್ ಪ್ಲೇಟಿಗೆ ಹೊರಗಿನ ಪ್ಲಗ್ಗು: ಯಾವುದನ್ನು ಆರಿಸೋಣ?



ಕಬ್ಬಿನ ಕಟಾವು ಶುರುವಾದರೆ ಸಾಕು, ಮಂಡ್ಯದ ಕಡೆ ಗದ್ದೆಗಳ ಪಕ್ಕದಲ್ಲಿ ಟಾರ್ಪಾಲಿನ ಗುಡಿಸಲುಗಳು ಏಳುತ್ತವೆ. ಬಳ್ಳಾರಿ ಕಡೆಯಿಂದ ಕುಟುಂಬಗಳು ಬರುತ್ತವೆ. ಒಂದು ಗದ್ದೆ ಮುಗಿದರೆ ಇನ್ನೊಂದು ಗದ್ದೆ. ಒಂದು ಊರು ಮುಗಿದರೆ ಇನ್ನೊಂದು ಊರು. ಪಾತ್ರೆ, ಹಾಸಿಗೆ, ಮಕ್ಕಳು ಎಲ್ಲವೂ ಟ್ರಾಕ್ಟರಿನ ಟ್ರೈಲರಿನಲ್ಲಿ ಮುಂದಕ್ಕೆ ಹೋಗುತ್ತವೆ. ಈಗೀಗ ಅದರ ಜೊತೆಗೆ ಒಂದು ಸೋಲಾರ್ ಪ್ಲೇಟೂ ಹೋಗುತ್ತೆ.

ಅಂಥ ಒಂದು ಬಿಡಾರದಲ್ಲಿ ನಾವು ಸಂಜೆ ಹೊತ್ತು ಅಕ್ಷರ ಕಲಿಸುತ್ತಿದ್ದೆವು. ಹತ್ತು ಹನ್ನೆರಡು ಜನ ಅಕ್ಕಂದಿರು ಬರುತ್ತಿದ್ದರು. ದೀಪ ಒಂದೇ. ಅದು ಸೋಲಾರ್ ದೀಪ.

ಒಂದು ದಿನ ಒಳ್ಳೆ ಮಳೆ ಬಂತು. ಮರುದಿನ ಪಾಠ ಶುರುಮಾಡಿ ಇನ್ನೂ ಕಾಲು ಗಂಟೆ ಆಗಿರಲಿಲ್ಲ. ದೀಪ ಮಂಕಾಯಿತು. ಆಮೇಲೆ ಆರಿಹೋಯಿತು.

"ನೋಡ್ರಿ ಟೀಚರ್, ದಿನಾ ಬಿಸಿಲಿಗೆ ಇಡ್ತೀವಿ. ಆದ್ರೂ ಲೈಟ್ ಹತ್ತವಲ್ದು. ಪ್ಲೇಟೇ ಕೆಟ್ಟೈತೇನೋ" ಅಂದರು ಆ ಮನೆಯ ಅಕ್ಕ.

ಮರುದಿನ ಬೆಳಿಗ್ಗೆ ಎಲ್ಲರೂ ಸೇರಿ ನೋಡಿದೆವು. ಪ್ಲೇಟು ಕೆಟ್ಟಿರಲಿಲ್ಲ. ಬ್ಯಾಟರಿ ಕೆಟ್ಟಿರಲಿಲ್ಲ. ಕೆಟ್ಟದ್ದು ನಡುವಿನ ಜೋಡಣೆ. ಹೊರಗಿನ ವೈರನ್ನೂ ಒಳಗಿನ ವೈರನ್ನೂ ಕೈಯಿಂದ ಹೊಸೆದು ಟೇಪು ಸುತ್ತಿದ್ದರು. ಟೇಪು ಬಿಚ್ಚಿದರೆ ಒಳಗೆ ಹಸಿರು ಹಸಿರು ಕಿಲುಬು.

ಪ್ಲೇಟಿಗೆ ಸಾವಿರಾರು ರೂಪಾಯಿ ಕೊಟ್ಟಿರುತ್ತೇವೆ. ಬ್ಯಾಟರಿಗೂ ಕೊಟ್ಟಿರುತ್ತೇವೆ. ನಡುವಿನ ಪ್ಲಗ್ಗಿಗೆ ಮಾತ್ರ ಕಾಸು ಬಿಚ್ಚುವುದಿಲ್ಲ. ಕೆಡುವುದು ಮಾತ್ರ ಅದೇ ಮೊದಲು. ಆದ್ದರಿಂದ ಈ ಪಾಠದಲ್ಲಿ ಆ ಪ್ಲಗ್ಗಿನ ವಿಷಯ ತಿಳಿಯೋಣ.

ಪ್ಲೇಟು ಏನು ಮಾಡುತ್ತೆ?

ಬಿಸಿಲು ಬಿದ್ದರೆ ಪ್ಲೇಟಿನಲ್ಲಿ ಕರೆಂಟು ಹುಟ್ಟುತ್ತೆ. ಈ ವಿದ್ಯೆ ತೀರ ಹೊಸದೇನೂ ಅಲ್ಲ. 1954 ರಲ್ಲಿ ಅಮೆರಿಕದ ಬೆಲ್ ಲ್ಯಾಬೊರೇಟರಿಯ ವಿಜ್ಞಾನಿಗಳು ಸಿಲಿಕಾನಿನಿಂದ ಇಂಥ ಬಿಲ್ಲೆ ಮಾಡಿ ತೋರಿಸಿದರು. ಸಿಲಿಕಾನ್ ಎಂದರೆ ಮರಳಿನಿಂದ ತೆಗೆಯುವ ವಸ್ತು. ಒಂದೊಂದು ಬಿಲ್ಲೆ ಕೊಡುವುದು ಅರ್ಧ ವೋಲ್ಟಿನಷ್ಟು. ಅಂಥ 36 ಬಿಲ್ಲೆಗಳನ್ನು ಸಾಲಾಗಿ ಪೋಣಿಸಿದರೆ 12 ವೋಲ್ಟಿನ ಬ್ಯಾಟರಿ ತುಂಬುವ ಪ್ಲೇಟು ಆಗುತ್ತೆ.

ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪ್ಲೇಟುಗಳನ್ನು ನೆಟ್ಟಿದ್ದಾರೆ. ಅಲ್ಲಿಯ ಪ್ಲೇಟು ಮಾಡುವುದೂ ನಮ್ಮ ಪ್ಲೇಟು ಮಾಡುವುದೂ ಒಂದೇ ಕೆಲಸ. ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ಪ್ಲೇಟು ಒಮ್ಮೆ ನೆಟ್ಟರೆ ಕದಲುವುದಿಲ್ಲ. ವೈರು ಒಮ್ಮೆ ಜೋಡಿಸಿದರೆ ಮತ್ತೆ ಬಿಚ್ಚುವುದಿಲ್ಲ. ನಮ್ಮದು ಹಾಗಲ್ಲ. ಬೆಳಿಗ್ಗೆ ಹೊರಗೆ ಇಡಬೇಕು. ಸಂಜೆ ಒಳಗೆ ತರಬೇಕು. ದಿನಕ್ಕೆ ಎರಡು ಸಲ ಜೋಡಿಸಿ ಬಿಚ್ಚಬೇಕು.

ಬಿಡಾರ ಇರುವುದು ಹೊಂಗೆ ಮರದ ನೆರಳಿನಲ್ಲಿ. ನಮಗೆ ನೆರಳು ಬೇಕು, ಪ್ಲೇಟಿಗೆ ಬಿಸಿಲು ಬೇಕು. ಹಾಗಾಗಿ ಪ್ಲೇಟು ದೂರದಲ್ಲಿ, ಬ್ಯಾಟರಿ ಒಳಗೆ.

ಈ ತಾಪತ್ರಯ ನಮಗೆ ಮಾತ್ರ ಅಂತ ತಿಳಿಯಬೇಡಿ. ಅಮೆರಿಕ, ಆಸ್ಟ್ರೇಲಿಯಾ ದೇಶಗಳಲ್ಲಿ ಮನೆಯಂಥ ಗಾಡಿ ಮಾಡಿಕೊಂಡು ಊರೂರು ಸುತ್ತುವವರು ಇದ್ದಾರೆ. ಆ ಗಾಡಿಗೆ ಕ್ಯಾಂಪರ್ ಅಂತ ಹೆಸರು. ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ. ಅವರೂ ಗಾಡಿಯನ್ನು ಮರದ ನೆರಳಿಗೆ ನಿಲ್ಲಿಸಿ, ಪ್ಲೇಟನ್ನು ಬಿಸಿಲಿಗೆ ಇಡುತ್ತಾರೆ. ಗಾಡಿಯ ಹೊರಗೋಡೆಗೆ ಒಂದು ಪ್ಲಗ್ಗಿನ ಜಾಗ ಮಾಡಿಕೊಳ್ಳುತ್ತಾರೆ. ಅದಕ್ಕೆ ಯಾವ ಪ್ಲಗ್ಗು ಒಳ್ಳೆಯದು ಅಂತ ಅವರೂ ತಲೆ ಕೆಡಿಸಿಕೊಳ್ಳುತ್ತಾರೆ.

ಜೋಡಣೆ ಯಾಕೆ ಕೆಡುತ್ತೆ?

ತಾಮ್ರದ ಬಿಂದಿಗೆಯನ್ನು ನಾಲ್ಕು ದಿನ ತೊಳೆಯದೆ ಇಟ್ಟರೆ ಏನಾಗುತ್ತೆ? ಕಿಲುಬು ಹಿಡಿಯುತ್ತೆ. ವೈರಿನ ಒಳಗಿರುವುದೂ ತಾಮ್ರವೇ. ನೀರು, ಗಾಳಿ ತಾಗಿದರೆ ಅದಕ್ಕೂ ಕಿಲುಬು ಹಿಡಿಯುತ್ತೆ. ಕಿಲುಬಿನಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ. ಆ ಜಾಗ ಬಿಸಿಯಾಗುತ್ತೆ. ಬಿಸಿಯಾದರೆ ಇನ್ನಷ್ಟು ಸಡಿಲವಾಗುತ್ತೆ. ಕೊನೆಗೆ ಸುಡುತ್ತೆ.

"ಹಂಗಾರೆ ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಹೋಗಂಗಿಲ್ಲೇನ್ರೀ?" ಅಂತ ಒಬ್ಬ ಅಜ್ಜಿ ಕೇಳಿದರು.

ಒಳ್ಳೆ ಪ್ರಶ್ನೆ. ಬಿಂದಿಗೆಗೆ ಹುಣಸೆಹಣ್ಣು ಸರಿ. ತಿಕ್ಕಿದ ಮೇಲೆ ನೀರು ಹಾಕಿ ತೊಳೆಯುತ್ತೇವೆ. ವೈರನ್ನು ಹಾಗೆ ತೊಳೆಯಲು ಬರುವುದಿಲ್ಲ. ಹುಳಿ ಎಳೆಗಳ ನಡುವೆ ಉಳಿದುಬಿಡುತ್ತೆ. ಕಿಲುಬು ಇನ್ನೂ ಬೇಗ ಬರುತ್ತೆ. ಕಿಲುಬು ಹಿಡಿದ ತುದಿಯನ್ನು ಕತ್ತರಿಸಿ ಹಾಕಬೇಕು. ಒಳಗಿನ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಬೇಕು. ಆಮೇಲೆ ಹೊಸದಾಗಿ ಜೋಡಿಸಬೇಕು.

ನೀರಲ್ಲದೆ ಇನ್ನೂ ಮೂರು ಶತ್ರುಗಳಿವೆ. ಒಂದು, ಧೂಳು. ಎರಡು, ಎಳೆತ. ಮಕ್ಕಳು ಓಡುತ್ತಾ ವೈರಿಗೆ ಕಾಲು ಸಿಕ್ಕಿಸಿಕೊಳ್ಳುತ್ತಾರೆ, ಎಮ್ಮೆ ತುಳಿಯುತ್ತೆ. ಮೂರು, ಇಲಿ.

ಮನೆ ಕರೆಂಟಿನ ಪ್ಲಗ್ಗು ಬೇಡವೇ ಬೇಡ

ಆ ಅಕ್ಕನ ಮನೆಯವರು ಕೊಳೆತ ಜೋಡಣೆ ಕತ್ತರಿಸಿದರು. ಊರಿನ ಅಂಗಡಿಯಿಂದ ಎರಡು ಕಡ್ಡಿಯ ಒಂದು ಪ್ಲಗ್ಗು, ಅದಕ್ಕೆ ತೂತಿನ ಜೋಡಿ ತಂದರು. ಮನೆಗಳಲ್ಲಿ ರೇಡಿಯೋಗೆ, ಟೇಬಲ್ ಫ್ಯಾನಿಗೆ ಇರುತ್ತಲ್ಲ, ಅದೇ. ಪ್ಲೇಟಿನ ವೈರಿಗೆ ತೂತಿನದು, ಗುಡಿಸಲಿನಿಂದ ಬರುವ ವೈರಿಗೆ ಕಡ್ಡಿಯದು ಹಾಕಿದರು. "ಸರಿಯಾಯ್ತೇನ್ರೀ?" ಅಂತ ನಮ್ಮನ್ನು ಕೇಳಿದರು. ನಾವೂ ಹೂಂ ಅಂದೆವು. ದೀಪ ಚೆನ್ನಾಗಿ ಉರಿಯಿತು.

ಒಂದು ವಾರ ಕಳೆಯಿತು. ಎರಡು ದಿನ ಮೋಡ. ಬ್ಯಾಟರಿ ಖಾಲಿ. ಹನ್ನೆರಡು ವರ್ಷದ ಹುಡುಗ ಯೋಚನೆ ಮಾಡಿದ. ಪಕ್ಕದಲ್ಲೇ ಪಂಪಿನ ಮನೆ. ಅಲ್ಲಿ ಕರೆಂಟಿನ ಬೋರ್ಡು. ಗುಡಿಸಲಿನ ವೈರಿನ ತುದಿಯಲ್ಲಿ ಕಡ್ಡಿ ಪ್ಲಗ್ಗು. ಬೋರ್ಡಿನಲ್ಲಿ ಅದಕ್ಕೆ ಸರಿಯಾದ ತೂತು. ಹಾಕಿದರೆ ಬ್ಯಾಟರಿ ತುಂಬುತ್ತೆ ಅಂತ ಹಾಕಿಯೇಬಿಟ್ಟ.

ಗುಡಿಸಲಿನ ಒಳಗೆ ಢಂ ಅಂತ ಸದ್ದು. ಬ್ಯಾಟರಿಯ ಮೇಲೆ ಕೂರಿಸಿದ್ದ ಕಂಟ್ರೋಲರು ಸುಟ್ಟು ಕರಕಲಾಯಿತು. ಹೊಗೆ ತುಂಬಿತು. ಎರಡು ಮಾರು ದೂರದಲ್ಲಿ ಸೀರೆಯ ತೊಟ್ಟಿಲು. ಅದರಲ್ಲಿ ಆರು ತಿಂಗಳ ಕೂಸು.

ಅಕ್ಕ ಓಡಿ ಬಂದು ಕೂಸನ್ನು ಎತ್ತಿಕೊಂಡರು. ಪಂಪಿನ ಮನೆಯಲ್ಲಿದ್ದವರು ಮೇನ್ ಸ್ವಿಚ್ಚು ಆರಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಟಾರ್ಪಾಲು, ಒಣ ಕಬ್ಬಿನ ಸೋಗೆ ಇರುವ ಜಾಗ ಅದು. ಬೆಂಕಿ ಹತ್ತಿದ್ದರೆ?

ಅಪ್ಪ ಹುಡುಗನಿಗೆ ಹೊಡೆಯಲು ಹೋದರು. ನಾವು ತಡೆದೆವು. ತಪ್ಪು ಹುಡುಗನದಲ್ಲ. ಬೋರ್ಡಿಗೆ ಕೂರುವ ಪ್ಲಗ್ಗು ಕೈಗೆ ಸಿಕ್ಕರೆ ಯಾರಾದರೂ ಬೋರ್ಡಿಗೇ ಹಾಕುತ್ತಾರೆ. ತಪ್ಪು ಆ ಪ್ಲಗ್ಗು ಆರಿಸಿದ್ದರಲ್ಲಿ. ಅದಕ್ಕೆ ಹೂಂ ಅಂದ ನಮ್ಮದೂ ತಪ್ಪೇ.

ಮನೆ ಕರೆಂಟು 230 ವೋಲ್ಟು. ನಮ್ಮ ಪ್ಲೇಟು ಕೊಡುವುದು ಹೆಚ್ಚೆಂದರೆ 22 ವೋಲ್ಟು. ಎರಡೂ ಬೇರೆ ಬೇರೆ ಜಾತಿಯ ಕರೆಂಟು. ಮನೆ ಕರೆಂಟು ಹಿಂದೆ ಮುಂದೆ ಓಡಾಡುತ್ತೆ. ಪ್ಲೇಟಿನ ಕರೆಂಟು ಒಂದೇ ದಿಕ್ಕಿಗೆ ಹರಿಯುತ್ತೆ. ಅದಕ್ಕೇ ಪ್ಲೇಟಿನ ವೈರಿಗೆ ಪ್ಲಸ್, ಮೈನಸ್ ಅಂತ ಎರಡು ತುದಿ. ಎರಡು ಕಡ್ಡಿಯ ಮನೆ ಪ್ಲಗ್ಗನ್ನು ಉಲ್ಟಾ ತಿರುಗಿಸಿಯೂ ಹಾಕಬಹುದು. ಹಾಗೆ ಹಾಕಿದರೆ ಪ್ಲಸ್ಸು ಮೈನಸ್ಸಿಗೆ ಹೋಗುತ್ತೆ. ಅದರಿಂದಲೂ ಕಂಟ್ರೋಲರು ಕೆಡಬಹುದು.

ಕೊಳ್ಳುವ ಮೊದಲು ಐದು ಪ್ರಶ್ನೆ

ಈಗ ಅಂಗಡಿಗೆ ಹೋಗೋಣ. ಪ್ಲಗ್ಗನ್ನು ಕೈಗೆ ತೆಗೆದುಕೊಂಡು ಈ ಐದು ಪ್ರಶ್ನೆ ಕೇಳೋಣ.

1. ಇದು ಮನೆಯ ಬೋರ್ಡಿಗೆ ಕೂರುತ್ತೆಯೇ? ಕೂರುವುದಾದರೆ ಬೇಡ.

2. ಇದನ್ನು ಉಲ್ಟಾ ಹಾಕಲು ಆಗುತ್ತೆಯೇ? ಆಗುವುದಾದರೆ ಬೇಡ. ಒಳ್ಳೆ ಪ್ಲಗ್ಗಿನಲ್ಲಿ ಒಂದು ಗಾಡಿ ಅಥವಾ ಮೂಲೆ ಇರುತ್ತೆ. ಕತ್ತಲಲ್ಲೂ ಅದು ಒಂದೇ ರೀತಿ ಕೂರುತ್ತೆ.

3. ನೀರು, ಧೂಳು ಒಳಗೆ ಹೋಗದಂತೆ ರಬ್ಬರು ಇದೆಯೇ? ಕುಕ್ಕರಿನ ಮುಚ್ಚಳದಲ್ಲಿ ರಬ್ಬರು ಇರುತ್ತಲ್ಲ, ಅದೇ ಕೆಲಸ. ಕುಕ್ಕರಿನ ರಬ್ಬರು ಹಳೆಯದಾದರೆ ಆವಿ ಸೋರುತ್ತೆ. ಪ್ಲಗ್ಗಿನ ರಬ್ಬರು ಒಣಗಿ ಬಿರಿದರೆ ನೀರು ಒಳಗೆ ಸೋರುತ್ತೆ.

4. ಎಷ್ಟು ಆಂಪಿಯರ್ ತಾಳುತ್ತೆ? ಪ್ಲೇಟು ಕೊಡುವ ಆಂಪಿಯರಿನ ಎರಡರಷ್ಟಾದರೂ ತಾಳುವುದನ್ನು ಕೊಳ್ಳಿ. ಅದೂ ಡಿಸಿ ಕರೆಂಟಿಗೆ ಅಂತ ಕೇಳಿ ಕೊಳ್ಳಿ. ಒಂದೇ ದಿಕ್ಕಿಗೆ ಹರಿಯುವ ಕರೆಂಟಿಗೆ ಡಿಸಿ ಅನ್ನುತ್ತಾರೆ. ಮನೆ ಕರೆಂಟು ಒಂದು ಸೆಕೆಂಡಿನಲ್ಲಿ 100 ಸಲ ಸೊನ್ನೆಗೆ ಬಂದು ಹೋಗುತ್ತೆ. ಆಗ ಕಿಡಿ ತಾನೇ ಆರುತ್ತೆ. ಡಿಸಿಯಲ್ಲಿ ಹಾಗೆ ಬಿಡುವು ಇಲ್ಲ. ಕಿಡಿ ಎಳೆದುಕೊಂಡೇ ಇರುತ್ತೆ, ಲೋಹವನ್ನು ತಿನ್ನುತ್ತೆ.

5. ದಿನಾ ಹಾಕಿ ತೆಗೆಯಲು ಕೈಗೆ ಸುಲಭವೇ? ಅಂಗಡಿಯಲ್ಲೇ ನಾಲ್ಕು ಸಲ ಹಾಕಿ ತೆಗೆದು ನೋಡಿ. ಒದ್ದೆ ಕೈಯಿಂದ, ದಣಿದ ಕೈಯಿಂದ ಮಾಡುವ ಕೆಲಸ ಇದು.

ಪ್ಲಗ್ಗಿನಲ್ಲಿ ಎಷ್ಟು ಬಗೆ?

ಎಂಸಿ ಫೋರ್: ದೊಡ್ಡ ಪ್ಲೇಟು ಕೊಂಡರೆ ಅದರ ಬೆನ್ನಿನ ವೈರಿಗೆ ಇದು ಬಂದಿರುತ್ತೆ. ಕಪ್ಪು ಬಣ್ಣ, ಬೆರಳುದ್ದ. ಕೂಡಿಸಿದರೆ ಟಕ್ ಅಂತ ಕೂರುತ್ತೆ. ಮಳೆ ಬಿಸಿಲು ತಡೆಯುವುದರಲ್ಲಿ ಇದು ಗಟ್ಟಿ. ಆದರೆ ಎರಡು ಕಡೆ ಕಿವಿ ಒತ್ತಿ ಬಿಚ್ಚಬೇಕು. ಒಮ್ಮೆ ಹಾಕಿ ವರ್ಷಗಟ್ಟಲೆ ಬಿಡುವ ಪ್ಲಗ್ಗು ಇದು. ದಿನಾ ಬಿಚ್ಚಿದರೆ ಕಿವಿ ಮುರಿಯುತ್ತೆ. ಬಿಸಿಲಿನಲ್ಲಿ ಕರೆಂಟು ಹರಿಯುತ್ತಿರುವಾಗ ಬಿಚ್ಚಬಾರದು. ಒಂದು ಕಂಪನಿಯದಕ್ಕೆ ಇನ್ನೊಂದು ಕಂಪನಿಯದನ್ನು ಕೂಡಿಸಬಾರದು. ನೋಡಲು ಒಂದೇ ಥರ ಇದ್ದರೂ ಒಳಗೆ ಸಡಿಲ ಉಳಿದು ಬಿಸಿಯಾಗಬಹುದು.

ಆಂಡರ್ಸನ್ ಪ್ಲಗ್ಗು: ಬ್ಯಾಟರಿ ಆಟೋಗಳಿಗೆ ಚಾರ್ಜ್ ಹಾಕುವುದನ್ನು ನೋಡಿದ್ದೀರಾ? ಬೆಂಕಿಪೊಟ್ಟಣದ ಆಕಾರದ ದಪ್ಪ ಪ್ಲಗ್ಗು ಅದು. ಎರಡೂ ಅರ್ಧ ಒಂದೇ ಥರ ಇರುತ್ತವೆ. ಗಂಡು ಹೆಣ್ಣು ಅಂತ ಭೇದ ಇಲ್ಲ. ಉಲ್ಟಾ ಕೂರುವುದಿಲ್ಲ. ದಿನಾ ಎಳೆದು ತೆಗೆದರೂ ತಾಳುತ್ತೆ. ಸಾಮಾನ್ಯ ಸೈಜು 50 ಆಂಪಿಯರಿನದು. ನಮಗೆ ಅದು ಧಾರಾಳ. ಆಸ್ಟ್ರೇಲಿಯಾದ ಕ್ಯಾಂಪರ್ ಗಾಡಿಗಳಲ್ಲಿ ಇದೇ ಹೆಚ್ಚು. ಆದರೆ ಇದರ ಬಾಯಿ ತೆರೆದಿರುತ್ತೆ. ರಬ್ಬರ್ ಮುಚ್ಚಳ ಬೇರೆಯಾಗಿ ಕೊಳ್ಳಬೇಕು. ಇನ್ನೊಂದು ಎಚ್ಚರ. ಬ್ಯಾಟರಿ ಆಟೋದ ಚಾರ್ಜರು 48 ವೋಲ್ಟಿನ ಬ್ಯಾಟರಿಗೆ ಮಾಡಿದ್ದು. ಅದಕ್ಕೆ ನಮ್ಮ ವೈರು ಹಾಕಿದರೆ ಹುಡುಗನ ಕಥೆಯೇ ಮತ್ತೆ. ಆದ್ದರಿಂದ ಬೇರೆ ಬಣ್ಣದ್ದು ಕೊಳ್ಳಿ. ಈ ಪ್ಲಗ್ಗನ್ನು ಒಂದು ಬಣ್ಣದ್ದು ಇನ್ನೊಂದು ಬಣ್ಣದ್ದಕ್ಕೆ ಕೂರದಂತೆ ಮಾಡಿರುತ್ತಾರೆ.

ತಿರುಪಿನ ದುಂಡು ಪ್ಲಗ್ಗು: ಇದಕ್ಕೆ ಬಳೆಯಂಥ ಒಂದು ಉಂಗುರ ಇರುತ್ತೆ. ಕೂಡಿಸಿ, ಉಂಗುರ ತಿರುಗಿಸಿ ಬಿಗಿಯಬೇಕು. ಒಳಗೆ ರಬ್ಬರು. ಬಾಯಿಗೆ ಮುಚ್ಚಳ. ಒಂದು ಗಾಡಿ ಇರುವುದರಿಂದ ಉಲ್ಟಾ ಕೂರುವುದಿಲ್ಲ. ಪೆಟ್ಟಿಗೆಯ ಮೇಲೆ ಐಪಿ 67 ಅಂತ ಇದೆಯೇ ನೋಡಿ. 6 ಅಂದರೆ ಧೂಳು ಒಳಗೆ ಹೋಗುವುದಿಲ್ಲ. 7 ಅಂದರೆ ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡುವಷ್ಟು ನೀರು ಒಳಗೆ ಹೋಗುವುದಿಲ್ಲ. ಆದರೆ ಉಂಗುರ ಬಿಗಿದಾಗ ಮಾತ್ರ ಈ ಗುಣ. ಬಿಚ್ಚಿ ಬಿಟ್ಟರೆ ಮುಚ್ಚಳ ಹಾಕಲೇಬೇಕು.

ಚಪ್ಪಟೆ ಜೋಡಿ ಪ್ಲಗ್ಗು: ಅಮೆರಿಕದ ಗಾಡಿಗಳಲ್ಲಿ ಇದು ಹೆಚ್ಚು. ಒಂದು ಕಡ್ಡಿ ತೆರೆದಿರುತ್ತೆ, ಇನ್ನೊಂದು ಮುಚ್ಚಿರುತ್ತೆ. ಕೂಡಿಸಲು ಸುಲಭ. ಆದರೆ ಒಬ್ಬರು ಮಾಡಿದ್ದರಲ್ಲಿ ತೆರೆದ ಕಡ್ಡಿ ಪ್ಲಸ್ಸು, ಇನ್ನೊಬ್ಬರು ಮಾಡಿದ್ದರಲ್ಲಿ ಅದೇ ಮೈನಸ್ಸು ಇರಬಹುದು. ನೋಡದೆ ಕೂಡಿಸಿ ಅಲ್ಲಿಯವರೂ ಪೇಚಾಡುತ್ತಾರೆ.

ಕಾರಿನ ಲೈಟರ್ ಪ್ಲಗ್ಗು: ಇದು ಗಾಡಿಯ ಒಳಗೆ ಮೊಬೈಲ್ ಚಾರ್ಜಿಗೆ ಸರಿ. ಹೊರಗೆ ಬೇಡ. ಅಲುಗಾಡಿದರೆ ಸಡಿಲವಾಗುತ್ತೆ, ನೀರು ತಡೆಯುವುದಿಲ್ಲ.

ಸಣ್ಣ ದುಂಡು ಪಿನ್ನು: ಸೋಲಾರ್ ಲಾಟೀನಿಗೆ ಇರುತ್ತೆ. ಸಣ್ಣ ಪ್ಲೇಟಿಗೆ ಸಾಕು. ಲಾಟೀನನ್ನೇ ಹೊರಗೆ ತಂದು ಚಾರ್ಜ್ ಮಾಡಬಹುದು. ದೊಡ್ಡ ಪ್ಲೇಟಿಗೆ ಇದು ಸಾಲದು.

ಹಾಗಾದರೆ ನಾವು ಯಾವುದನ್ನು ಆರಿಸಿದೆವು?

ಪ್ಲೇಟಿನ ಬೆನ್ನಿಗೆ ಎಂಸಿ ಫೋರ್ ಇದ್ದರೆ ಅದನ್ನು ಕತ್ತರಿಸಬೇಡಿ. ಅದು ಹಾಗೆಯೇ ಇರಲಿ. ಅದಕ್ಕೆ ಒಂದು ಉದ್ದ ವೈರು ಕೂಡಿಸಿ ಬಿಟ್ಟುಬಿಡಿ. ಆ ಉದ್ದ ವೈರಿನ ಇನ್ನೊಂದು ತುದಿಗೆ ದಿನಾ ಹಾಕಿ ತೆಗೆಯುವ ಪ್ಲಗ್ಗು ಇರಲಿ. ಅದು ತಿರುಪಿನ ದುಂಡು ಪ್ಲಗ್ಗು ಆಗಬಹುದು. ಮುಚ್ಚಳ ಇರುವ ಆಂಡರ್ಸನ್ ಪ್ಲಗ್ಗೂ ಆಗಬಹುದು. ಎರಡೂ ಸರಿಯೇ. ಆ ಅಕ್ಕ ದುಂಡು ಪ್ಲಗ್ಗು ಆರಿಸಿದರು. "ಇದು ಬೋರ್ಡಿಗೂ ಕೂರಂಗಿಲ್ಲ, ಆಟೋಕ್ಕೂ ಕೂರಂಗಿಲ್ಲ. ನನಗ ಇದಾ ಬೇಕು" ಅಂದರು.

ಇನ್ನೊಂದು ನಿಯಮ ಇದೆ. ಕರೆಂಟು ಬರುವ ಕಡೆಗೆ ತೂತಿನ ಅರ್ಧ ಇರಬೇಕು. ಬಿಸಿಲಿನಲ್ಲಿರುವ ಪ್ಲೇಟಿನಲ್ಲಿ ಯಾವಾಗಲೂ ಕರೆಂಟು ಇರುತ್ತೆ. ಅಲ್ಲಿ ಕಡ್ಡಿ ಹೊರಗೆ ಚಾಚಿದ್ದರೆ ಎರಡು ಕಡ್ಡಿಗೂ ಒಟ್ಟಿಗೆ ತಗಡೋ ಕುಡುಗೋಲೋ ತಾಗಬಹುದು. ತೂತಿನೊಳಗೆ ಅಡಗಿದ್ದರೆ ತಾಗುವುದಿಲ್ಲ.

ವೈರು ಎಷ್ಟು ದಪ್ಪ ಇರಬೇಕು?

ನಾಲೆಯ ನೀರು ತೂಬಿನ ಹತ್ತಿರದ ಗದ್ದೆಗೆ ತುಂಬ ಬರುತ್ತೆ. ಕೊನೆಯ ಗದ್ದೆಗೆ ಬರುವಷ್ಟರಲ್ಲಿ ಕಡಿಮೆ ಆಗುತ್ತೆ. ವೈರು ತೆಳುವಾಗಿದ್ದು ಉದ್ದವಾಗಿದ್ದರೆ ವೋಲ್ಟೂ ಹಾಗೆಯೇ ದಾರಿಯಲ್ಲೇ ಇಳಿಯುತ್ತೆ.

ಲೆಕ್ಕ ನೋಡೋಣ. ಪ್ಲೇಟು 100 ವ್ಯಾಟಿನದು. ಅದು ಕೊಡುವುದು ಸುಮಾರು ಐದೂವರೆ ಆಂಪಿಯರು. ಪ್ಲೇಟು ಇರುವುದು 10 ಮೀಟರು ದೂರ. ಹೋಗಲು 10, ಬರಲು 10, ಒಟ್ಟು 20 ಮೀಟರು ತಾಮ್ರ. ವೈರು 0.75 ಚದರ ಮಿಲಿಮೀಟರಿನದಾದರೆ ದಾರಿಯಲ್ಲೇ ಎರಡೂವರೆ ವೋಲ್ಟಿಗಿಂತ ಹೆಚ್ಚು ಹೋಗುತ್ತೆ. 2.5 ಚದರ ಮಿಲಿಮೀಟರಿನದಾದರೆ 1 ವೋಲ್ಟಿಗಿಂತ ಕಡಿಮೆ ಹೋಗುತ್ತೆ. 40 ವ್ಯಾಟಿನ ಸಣ್ಣ ಪ್ಲೇಟಿಗೆ ಅಷ್ಟೇ ದೂರಕ್ಕೆ 1.5 ರ ವೈರು ಸಾಕು.

ದಪ್ಪ ವೈರು ಕೊಂಡು ತೆಳು ಪ್ಲಗ್ಗು ಕೊಳ್ಳಬೇಡಿ. ವೈರು ಪ್ಲಗ್ಗಿನ ಬಾಯಿಗೆ ಹಿಡಿಸದಿದ್ದರೆ ಮೆಕ್ಯಾನಿಕ್ಕು ಅರ್ಧ ಎಳೆ ಕತ್ತರಿಸಿಬಿಡುತ್ತಾರೆ. ಕೊಟ್ಟ ದುಡ್ಡು ದಂಡ. ವೈರಿನ ತುಂಡನ್ನು ಜೊತೆಗೇ ತೆಗೆದುಕೊಂಡು ಹೋಗಿ, ತೂರಿಸಿ ನೋಡಿ.

ಹೇಗೆ ಕೂರಿಸಬೇಕು?

ಗುಡಿಸಲಾಗಲಿ, ಟ್ರೈಲರಾಗಲಿ, ಹೊರಗಿನ ಪ್ಲಗ್ಗನ್ನು ಸೂರಿನ ಕೆಳಗೆ ಕೂರಿಸಿ. ಬಾಯಿ ಕೆಳಮುಖವಾಗಿರಲಿ. ಮೇಲ್ಮುಖವಾಗಿಟ್ಟರೆ ಅದು ಮಳೆ ನೀರು ಹಿಡಿಯುವ ಲೋಟ ಆಗುತ್ತೆ. ನೆಲದಿಂದ ಮೊಣಕಾಲಿಗಿಂತ ಎತ್ತರ ಇರಲಿ.

ವೈರು ಒಳಗೆ ಹೋಗುವ ಮೊದಲು ಸ್ವಲ್ಪ ಕೆಳಗೆ ಜೋತು, ಆಮೇಲೆ ಮೇಲೆ ಹೋಗಲಿ. ಉಯ್ಯಾಲೆಯ ಹಗ್ಗದ ಹಾಗೆ. ವೈರಿನ ಮೇಲೆ ಹರಿದು ಬಂದ ನೀರು ಆ ತಗ್ಗಿನಿಂದ ತೊಟ್ಟಿಕ್ಕುತ್ತೆ. ಒಳಗೆ ಬರುವುದಿಲ್ಲ.

ಪ್ಲಗ್ಗಿನಿಂದ ಒಂದು ಗೇಣು ದೂರದಲ್ಲಿ ವೈರನ್ನು ಗಳುವಿಗೆ ಕಟ್ಟಿ. ಯಾರಾದರೂ ಎಡವಿದರೆ ಎಳೆತ ಆ ಕಟ್ಟಿಗೆ ಬೀಳಲಿ, ಪ್ಲಗ್ಗಿಗೆ ಬೀಳದಿರಲಿ.

ಬ್ಯಾಟರಿಯ ಪ್ಲಸ್ಸಿನ ಹತ್ತಿರವೇ ಒಂದು ಫ್ಯೂಸು ಇರಲಿ. ಕಾರಿಗೆ ಹಾಕುವ ಚಪ್ಪಟೆ ಫ್ಯೂಸು ಆಗುತ್ತೆ. ಸಣ್ಣ ಪ್ಲೇಟಿಗೆ 10 ಆಂಪಿಯರಿನದು ಸಾಕು. ಅದು ಸುಟ್ಟರೆ ತಂತಿ ಕಟ್ಟಬೇಡಿ. ಯಾಕೆ ಸುಟ್ಟಿತು ಅಂತ ನೋಡಿ, ಅಷ್ಟೇ ಆಂಪಿಯರಿನ ಹೊಸದು ಹಾಕಿ.

ಮುಖ್ಯವಾದ ಮಾತು. ಬ್ಯಾಟರಿ ಹತ್ತಿರ ಕೆಲಸ ಮಾಡುವಾಗ ಲೋಹದ ಬಳೆ, ಉಂಗುರ ತೆಗೆದಿಡಿ. ತಾಳಿ ಸರವನ್ನು ರವಿಕೆ ಒಳಗೆ ಹಾಕಿಕೊಳ್ಳಿ. 12 ವೋಲ್ಟು ಮುಟ್ಟಿದರೆ ಶಾಕ್ ಹೊಡೆಯಲ್ಲ ಅಂತ ಅಸಡ್ಡೆ ಬೇಡ. ಬಳೆ ಪ್ಲಸ್ಸಿಗೂ ಮೈನಸ್ಸಿಗೂ ಒಟ್ಟಿಗೆ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತೆ. ಕೈ ಸುಡುತ್ತೆ.

ದಿನಾ ಮಾಡುವ ಕ್ರಮ

ಮೊದಲ ಸಲ ಜೋಡಿಸುವಾಗ ಬ್ಯಾಟರಿಯನ್ನು ಮೊದಲು ಕಂಟ್ರೋಲರಿಗೆ ಹಾಕಿ. ಆಮೇಲೆ ಪ್ಲೇಟು. ಬಿಚ್ಚುವಾಗ ಪ್ಲೇಟು ಮೊದಲು, ಬ್ಯಾಟರಿ ಆಮೇಲೆ.

ಬೆಳಿಗ್ಗೆ ಪ್ಲೇಟಿನ ಮೇಲೆ ದಪ್ಪ ಬಟ್ಟೆ ಹೊದಿಸಿ ಹೊರಗೆ ಇಡಿ. ಪ್ಲಗ್ಗು ಕೂಡಿಸಿ. ಉಂಗುರ ಬಿಗಿಯಿರಿ. ಆಮೇಲೆ ಬಟ್ಟೆ ತೆಗೆಯಿರಿ. ಸಂಜೆ ತೆಗೆಯುವಾಗಲೂ ಮೊದಲು ಬಟ್ಟೆ, ಆಮೇಲೆ ಪ್ಲಗ್ಗು. ಹೀಗೆ ಮಾಡಿದರೆ ಕಿಡಿ ಹಾರುವುದಿಲ್ಲ. ವೈರು ಹಿಡಿದು ಎಳೆಯಬೇಡಿ, ಪ್ಲಗ್ಗಿನ ಮೈ ಹಿಡಿದು ಎಳೆಯಿರಿ.

ವಾರಕ್ಕೊಮ್ಮೆ ಮಧ್ಯಾಹ್ನದ ಬಿಸಿಲಿನಲ್ಲಿ ಪ್ಲಗ್ಗು ಮುಟ್ಟಿ ನೋಡಿ. ಬಿಸಿಲಿಗೆ ಬೆಚ್ಚಗಾಗುವುದು ಬೇರೆ. ವೈರಿಗಿಂತ ಪ್ಲಗ್ಗು ಹೆಚ್ಚು ಬಿಸಿ ಇದ್ದರೆ ಒಳಗೆ ಸಡಿಲ ಆಗಿದೆ ಅಂತ ಅರ್ಥ.

ಓದಿ ನೋಡೋಣ

ಪ್ಲೇಟಿನ ಬೆನ್ನ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಅದು ಇಂಗ್ಲಿಷಿನಲ್ಲಿ ಇರುತ್ತೆ. ಹೆದರಬೇಡಿ. ಅಂಕಿಗಳು ನಮಗೆ ಗೊತ್ತು. ಮೂರು ಅಕ್ಷರ ಗುರುತಿಸಿದರೆ ಸಾಕು.

ಗುಡಿಸಲಿನ ಮುಂಭಾಗದಂತೆ ಎರಡು ಓರೆ ಗಳು, ನಡುವೆ ಅಡ್ಡ ಪಟ್ಟಿ ಇದ್ದರೆ ಅದು ಎ. ಅಂದರೆ ಆಂಪಿಯರು. ಪಟ್ಟಿ ಇಲ್ಲದೆ ಗುಡಿಸಲು ತಲೆಕೆಳಗಾಗಿದ್ದರೆ ಅದು ವಿ. ಅಂದರೆ ವೋಲ್ಟು. ಎರಡು ವಿ ಅಕ್ಕಪಕ್ಕ ಅಂಟಿಕೊಂಡಿದ್ದರೆ ಅದು ಡಬ್ಲ್ಯೂ. ಅಂದರೆ ವ್ಯಾಟು.

ಆ ಅಕ್ಕನ ಪ್ಲೇಟಿನಲ್ಲಿ ವೋಲ್ಟು 18, ಆಂಪಿಯರು 2.2 ಅಂತ ಇತ್ತು. ಎರಡನ್ನೂ ಗುಣಿಸಿ. ಎಷ್ಟು ಬಂತು? 39.6. ಹತ್ತಿರ ಹತ್ತಿರ 40. ಚೀಟಿಯಲ್ಲಿ 40 ವ್ಯಾಟು ಅಂತಲೇ ಇತ್ತು. ಲೆಕ್ಕ ಸರಿ ಹೋಯಿತು. ಅಕ್ಕ ಎರಡು ಸಲ ಬೆರಳಿಟ್ಟು ಓದಿದರು.

"ಇಷ್ಟು ದಿನ ಇದ್ರ ಮ್ಯಾಲೆ ಏನ್ ಬರದೈತಿ ಅಂತ ಯಾರೂ ಹೇಳಿರಲಿಲ್ಲ" ಅಂದರು.

ಚೀಟಿಯಲ್ಲಿ 22 ರಷ್ಟು ಇನ್ನೊಂದು ವೋಲ್ಟೂ ಇರುತ್ತೆ. ಅದು ಪ್ಲೇಟಿಗೆ ಏನೂ ಜೋಡಿಸದೆ ಇದ್ದಾಗಿನ ವೋಲ್ಟು. 2.2 ಆಂಪಿಯರಿನ ಎರಡರಷ್ಟು ಅಂದರೆ 4.4. ಹಾಗಾಗಿ ಈ ಪ್ಲೇಟಿಗೆ 5 ಆಂಪಿಯರಿಗಿಂತ ಕಡಿಮೆಯ ಪ್ಲಗ್ಗು ಕೊಳ್ಳಬಾರದು. ಅಕ್ಕ 10 ರದ್ದು ಕೊಂಡರು.

ಮೆಕ್ಯಾನಿಕ್ಕು ಪ್ಲಗ್ಗು ಹಾಕಿಕೊಟ್ಟ ಮೇಲೆ ಮೀಟರು ಇಟ್ಟು ತೋರಿಸಿ ಅಂತ ಕೇಳಿ. ಮೀಟರಿನ ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಕಡ್ಡಿ ಮೈನಸ್ಸಿಗೆ. ಅಂಕಿಯ ಹಿಂದೆ ಅಡ್ಡ ಗೆರೆ ಬಂದರೆ ವೈರು ಉಲ್ಟಾ ಆಗಿದೆ. ಕೇಳಲು ನಾಚಿಕೆ ಬೇಡ. ದುಡ್ಡು ಕೊಡುವವರು ನಾವು.

ನೆನಪಿಡೋಣ

- ಮನೆಯ ಬೋರ್ಡಿಗೆ ಕೂರುವ ಪ್ಲಗ್ಗು ಸೋಲಾರಿಗೆ ಬೇಡ.
- ಉಲ್ಟಾ ಕೂರದ, ರಬ್ಬರು ಇರುವ, ಮುಚ್ಚಳ ಇರುವ ಪ್ಲಗ್ಗು ಬೇಕು.
- ಪ್ಲೇಟಿನ ಕಡೆಗೆ ತೂತು, ಗುಡಿಸಲಿನ ಕಡೆಗೆ ಕಡ್ಡಿ.
- ಬಾಯಿ ಕೆಳಮುಖ, ವೈರಿಗೆ ತಗ್ಗು, ಬ್ಯಾಟರಿ ಹತ್ತಿರ ಫ್ಯೂಸು.
- ಮೊದಲು ಬಟ್ಟೆ ಹೊದಿಸಿ, ಆಮೇಲೆ ಪ್ಲಗ್ಗು ಮುಟ್ಟಿ.

ಮಾತಾಡೋಣ, ಬರೆಯೋಣ

1. ನಿಮ್ಮ ಮನೆಯ ಪ್ಲೇಟಿನ ಚೀಟಿಯಲ್ಲಿ ವೋಲ್ಟು ಎಷ್ಟು? ಆಂಪಿಯರು ಎಷ್ಟು? ಗುಣಿಸಿ ಬರೆಯಿರಿ.
2. ನಿಮ್ಮ ಮನೆಯಲ್ಲಿ ಟೇಪು ಸುತ್ತಿದ ಜೋಡಣೆ ಎಷ್ಟಿವೆ? ಎಣಿಸಿ ಬನ್ನಿ.
3. ಹುಡುಗ ಮಾಡಿದ್ದು ತಪ್ಪೇ? ಆ ಅನಾಹುತ ಆಗದಂತೆ ಯಾರು, ಏನು ಮಾಡಬಹುದಿತ್ತು? ಗುಂಪಿನಲ್ಲಿ ಮಾತಾಡಿ.

ಆ ಬಿಡಾರ ಈಗ ಅಲ್ಲಿಲ್ಲ. ಕಬ್ಬು ಮುಗಿಯಿತು, ಟ್ರೈಲರು ಮುಂದಕ್ಕೆ ಹೋಯಿತು. ಹೊರಡುವ ದಿನ ಆ ಅಕ್ಕ ಪ್ಲಗ್ಗಿನ ಎರಡೂ ಬಾಯಿಗೆ ಮುಚ್ಚಳ ಹಾಕಿದರು. ವೈರನ್ನು ಸುತ್ತಿ ಪ್ಲೇಟಿನ ಬೆನ್ನಿಗೆ ಕಟ್ಟಿದರು. ಒಂದು ರಟ್ಟಿನ ತುಂಡಿನಲ್ಲಿ ತಾವೇ ದಪ್ಪಕ್ಷರದಲ್ಲಿ ಬರೆದು ಅದಕ್ಕೆ ಸಿಕ್ಕಿಸಿದರು: "ಇದು ಸೋಲಾರ್ ವೈರು. ಬೋರ್ಡಿಗೆ ಹಾಕಬೇಡಿ."